ಗೃಹಸಾಲದ ಬಾಕಿಯಿಂದ ನಮ್ಮ ಮನೆ ಉಳಿದ ಬಗೆ

2022ರಲ್ಲಿ ಕೆಲಸ ಕಳೆದುಕೊಂಡು, ಅಮೆರಿಕದ ನಮ್ಮ ಮನೆಯ ಸಾಲದ ಮೂರು ಕಂತುಗಳು ಬಾಕಿ ಉಳಿದಾಗ, ಸಾಲ ನಿರ್ವಹಿಸುವ ಸಂಸ್ಥೆಯಿಂದ ಬಂದ ಪತ್ರಗಳನ್ನು ತೆರೆಯಲೂ ನನಗೆ ಧೈರ್ಯವಿರಲಿಲ್ಲ. ಆ ವಿಳಂಬವೇ ಎಲ್ಲಕ್ಕಿಂತ ಅಪಾಯಕಾರಿಯಾಗಿತ್ತು.

ಕೊನೆಗೆ, ಕೇಂದ್ರ ಸರ್ಕಾರದ ವಸತಿ ಇಲಾಖೆಯ ಮಾನ್ಯತೆ ಪಡೆದ, ಶುಲ್ಕವಿಲ್ಲದೆ ನೆರವಾಗುವ ಸಲಹೆಗಾರರೊಬ್ಬರನ್ನು ಭೇಟಿಯಾದೆ. ಸಾಮಾನ್ಯವಾಗಿ ಬಾಕಿ 120 ದಿನ ಮೀರುವವರೆಗೆ ಸಂಸ್ಥೆಯು ಮನೆ ಹರಾಜಿನ ಕಾನೂನು ಕ್ರಮವನ್ನು ಆರಂಭಿಸುವಂತಿಲ್ಲವೆಂದೂ, ಅಷ್ಟರೊಳಗೆ ಪರಿಹಾರ ಕೋರಿ ಪೂರ್ಣ ಅರ್ಜಿ ಸಲ್ಲಿಸಿದರೆ ಅದರ ತೀರ್ಮಾನವಾಗುವವರೆಗೂ ಆ ಕ್ರಮಕ್ಕೆ ತಡೆಯಿರುತ್ತದೆಂದೂ ಅವರು ವಿವರಿಸಿದರು. ಇಲ್ಲಿ ‘ಪೂರ್ಣ’ ಎಂಬ ಪದಕ್ಕೆ ಬಹಳ ತೂಕವಿದೆ: ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದೇ ಒಂದು ಪುಟ ಬಿಟ್ಟುಹೋಗಿದ್ದಕ್ಕೆ ನನ್ನ ಮೊದಲ ಅರ್ಜಿಯನ್ನು ಅಪೂರ್ಣವೆಂದು ಬದಿಗಿಟ್ಟಿದ್ದರು. ಆದ್ದರಿಂದ ಎರಡನೆಯ ಸಲ ಆದಾಯದ ದಾಖಲೆ, ತೆರಿಗೆ ಪತ್ರ ಹಾಗೂ ಸಂಕಷ್ಟದ ಕಾರಣ ತಿಳಿಸುವ ಪತ್ರವನ್ನು ಜೋಡಿಸಿ, ಎಲ್ಲವೂ ತಲುಪಿದೆಯೆಂಬ ಲಿಖಿತ ಸ್ವೀಕೃತಿಯನ್ನು ಪಡೆದುಕೊಂಡೆ.

ಜೊತೆಗೆ, 2021ರ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯಡಿ ಸುಮಾರು 996 ಕೋಟಿ ಡಾಲರ್‌ಗಳೊಂದಿಗೆ ಸ್ಥಾಪನೆಯಾದ ಮನೆಮಾಲೀಕರ ನೆರವು ನಿಧಿಗೂ ನಮ್ಮ ರಾಜ್ಯದ ಮೂಲಕ ಅರ್ಜಿ ಹಾಕಿದೆವು. ಮಂಜೂರಾದ ಹಣ ನಮ್ಮ ಕೈಗೆ ಬರದೆ ನೇರವಾಗಿ ಸಾಲದ ಖಾತೆಗೆ ಜಮೆಯಾಗಿ, ಬಾಕಿ ತೀರಿತು.

ಬಹುತೇಕ ರಾಜ್ಯಗಳಲ್ಲಿ ಆ ನಿಧಿಯ ಅರ್ಜಿಗಳು ಈಗ ಮುಚ್ಚಿವೆ. ಆದರೂ ಕಂತಿನ ಮರುಹೊಂದಾಣಿಕೆಯ ದಾರಿಗಳು ಉಳಿದಿವೆ. ಮನೆ ಉಳಿಸಿಕೊಡುತ್ತೇವೆಂದು ಮುಂಗಡ ಹಣ ಕೇಳುವವರಿಂದ ಮಾತ್ರ ದಯವಿಟ್ಟು ದೂರವಿರಿ.