ಮೊದಲ ಜೇನು ಪೆಟ್ಟಿಗೆ ಕೊಳ್ಳುವಾಗ ಜೇಬಿನಲ್ಲಿ ಒಂದು ಪೆನ್ಸಿಲ್ ಇರಲಿ

ದಸರೆ ಹೊತ್ತಿಗೆ ಬಾಗಲಕೋಟೆ, ವಿಜಯಪುರ ಕಡೆಯ ಹೊಲ ನೋಡಬೇಕು. ತೊಗರಿ ಹೂ ಬಿಡಲು ಶುರು ಮಾಡಿರುತ್ತದೆ. ಗುರೆಳ್ಳು ಹಳದಿಯಾಗಿ ನಿಂತಿರುತ್ತದೆ. ಹಿಂದೆಯೇ ಸೂರ್ಯಕಾಂತಿ, ಕುಸುಬೆ ಬರುತ್ತವೆ. ಜೇನು ಸಾಕಲು ಕೈ ಹಾಕುವವರಿಗೆ ಇದೇ ಒಳ್ಳೆಯ ಕಾಲ. ಆಗಲೇ ನನಗೆ ಫೋನು ಜಾಸ್ತಿ. "ಅಣ್ಣಾರ, ಯಾವ ಪೆಟ್ಟಿಗಿ ತಗೊಳ್ಲಿ?" ಅಂತ ಕೇಳುತ್ತಾರೆ. ಅವರಿಗೆಲ್ಲ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಜೇನು, ಆಮೇಲೆ ಪೆಟ್ಟಿಗೆ

ನೀರಿನ ಟ್ಯಾಂಕಿನ ಕೆಳಗೆ ಜೋತಾಡುವ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ. ಬೇಲಿಯ ಕಡ್ಡಿಗೆ ಕಟ್ಟುವ ಕೋಲುಜೇನೂ ಹಾಗೆಯೇ. ಇವೆರಡೂ ಬಯಲಿನಲ್ಲಿ ಒಂದೇ ಎರಿ (ಮೇಣದ ತಟ್ಟೆ) ಕಟ್ಟುತ್ತವೆ. ಕತ್ತಲ ಪೊಟರೆಯಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ಜೇನು ಮಾತ್ರ ಪೆಟ್ಟಿಗೆಗೆ ಒಗ್ಗುತ್ತದೆ. ಅಂಥವು ನಮಗೆ ಸಿಗುವುದು ಎರಡು: ನಮ್ಮದೇ ತುಡುವೆ ಮತ್ತು ಹೊರಗಿನಿಂದ ಬಂದ ಮೆಲ್ಲಿಫೆರಾ.

ಮೆಲ್ಲಿಫೆರಾ ತುಪ್ಪ ಜಾಸ್ತಿ ಕೊಡುತ್ತದೆ, ನಿಜ. ಆದರೆ ಅದಕ್ಕೆ ಹೂವೂ ಜಾಸ್ತಿ ಬೇಕು. ಸೂರ್ಯಕಾಂತಿ ಮುಗಿದರೆ ಪೆಟ್ಟಿಗೆಗಳನ್ನು ಗಾಡಿಗೆ ಹೇರಿ ಇನ್ನೊಂದು ಊರಿಗೆ ಒಯ್ಯಬೇಕು, ಇಲ್ಲ ಅಂದರೆ ಸಕ್ಕರೆ ಪಾಕ ಕೊಟ್ಟು ಸಾಕಬೇಕು. ತುಡುವೆ ಕಡಿಮೆ ಹೂವಿನಲ್ಲೂ ಬದುಕುತ್ತದೆ, ಆದರೆ ಮನಸ್ಸಿಗೆ ಬರದಿದ್ದರೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಖಾನಾಪುರದ ಕಾಡಂಚಿನವರು ಎರಡನೇ ಯೋಚನೆ ಮಾಡದೆ ತುಡುವೆ ಸಾಕಲಿ. ಬಯಲುಸೀಮೆಯಲ್ಲಿ ತೋಟ, ನೀರು, ನಾಲ್ಕು ಮರ ಇರುವವರಿಗೂ ನಾನು ಮೊದಲ ವರ್ಷಕ್ಕೆ ತುಡುವೆಯನ್ನೇ ಹೇಳುತ್ತೇನೆ. ಕೈ ಪಳಗಿದ ಮೇಲೆ ಮೆಲ್ಲಿಫೆರಾ ಇದ್ದೇ ಇದೆ.

ಯಾವ ಜೇನಿಗೆ ಯಾವ ಪೆಟ್ಟಿಗೆ

ತುಡುವೆಗೆ ನ್ಯೂಟನ್ ಪೆಟ್ಟಿಗೆ ಅಥವಾ ಐ.ಎಸ್.ಐ. 'ಎ' ಮಾದರಿ. ನ್ಯೂಟನ್ ಪೆಟ್ಟಿಗೆಯನ್ನು ಸುಮಾರು ನೂರು ವರ್ಷದ ಹಿಂದೆ ತಮಿಳುನಾಡಿನ ತಿರುಚಿರಾಪಳ್ಳಿ ಕಡೆ ನ್ಯೂಟನ್ ಎಂಬ ಪಾದ್ರಿ ನಮ್ಮ ಸಣ್ಣ ಹುಳುವಿಗೆಂದೇ ಮಾಡಿದ್ದು. ಮೆಲ್ಲಿಫೆರಾಕ್ಕೆ 10 ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್. ಚೌಕಟ್ಟು ಅಂದರೆ ಹುಳು ಎರಿ ಕಟ್ಟಲೆಂದು ಪೆಟ್ಟಿಗೆಯೊಳಗೆ ಇಳಿಬಿಡುವ ಮರದ ಫ್ರೇಮು. "ದೊಡ್ಡದು ತಗೊಂಡರೆ ತುಪ್ಪ ಹೆಚ್ಚು" ಅಂತ ತುಡುವೆಯನ್ನು ಲ್ಯಾಂಗ್‌ಸ್ಟ್ರಾತ್‌ಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಷ್ಟು ದೊಡ್ಡ ಮನೆಯನ್ನು ಆ ಸಣ್ಣ ಕುಟುಂಬ ಕಾಯಲಾರದು. ಹುಳು ಇಲ್ಲದ ಮೂಲೆಯ ಎರಿಗೆ ಮೇಣದ ಪತಂಗ ಬಂದು ಮೊಟ್ಟೆ ಇಡುತ್ತದೆ, ಅದರ ಮರಿಗಳು ಎರಿ ತಿಂದು ಹಾಳು ಮಾಡುತ್ತವೆ.

ಪೆನ್ಸಿಲ್ ಹಾಕಿ ನೋಡಿ

1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಒಂದು ಸಂಗತಿಯನ್ನು ಚೆನ್ನಾಗಿ ಕಂಡುಕೊಂಡರು. ಜೇನು ತಾನು ಓಡಾಡಲು ಒಂದು ಅಳತೆಯ ಸಂದಿ ಬಿಟ್ಟುಕೊಳ್ಳುತ್ತದೆ. ಆ ಅಳತೆಯ ಜಾಗವನ್ನು ಅದು ಮುಚ್ಚುವುದಿಲ್ಲ. ತುಡುವೆಗೆ ಅದು 7–8 ಮಿ.ಮೀ., ಮೆಲ್ಲಿಫೆರಾಕ್ಕೆ ಸುಮಾರು 9 ಮಿ.ಮೀ. ಮಾಮೂಲಿ ಪೆನ್ಸಿಲ್ಲಿನ ದಪ್ಪ ಸುಮಾರು 7 ಮಿ.ಮೀ.

ಅಂಗಡಿಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಚೌಕಟ್ಟು ಇಳಿಬಿಡಿ. ಚೌಕಟ್ಟಿನ ಪಕ್ಕದ ಪಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಪೆನ್ಸಿಲ್ ಇಳಿಸಿ. ಒಂದು ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಚೌಕಟ್ಟು ಎತ್ತುವಾಗ ಹುಳುಗಳು ಗೋಡೆಗೆ ಉಜ್ಜಿ ಸಾಯುತ್ತವೆ. ಎರಡು ಪೆನ್ಸಿಲ್ ಒಟ್ಟಿಗೆ ಇಳಿದರೆ ಆ ಸಂದಿಯಲ್ಲೇ ಎರಿ ಕಟ್ಟಿ, ಚೌಕಟ್ಟನ್ನು ಗೋಡೆಗೆ ಬೆಸೆದುಬಿಡುತ್ತವೆ. ಎಲ್ಲ ಚೌಕಟ್ಟನ್ನೂ, ಎರಡೂ ಕಡೆ ನೋಡಿ. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಎರಡು ಕೊಳ್ಳಿ, ಅಳತೆ ಒಂದೇ ಇರಲಿ

ಇದನ್ನು ನಾನು ಕಳೆದುಕೊಂಡು ಕಲಿತೆ. ಮೊದಲ ವರ್ಷ ಎರಡು ಪೆಟ್ಟಿಗೆಯನ್ನು ಎರಡು ಕಡೆ ಕೊಂಡೆ. ಎರಡನೆಯದನ್ನು ಮಾರಿದವರು "ಅಳತೆ ಎಲ್ಲಾ ಒಂದೇ" ಅಂದಿದ್ದರು. ನಾನು ಅಳೆದು ನೋಡಲಿಲ್ಲ. ಜನವರಿಯಲ್ಲಿ ಒಂದರ ರಾಣಿ ಇಲ್ಲವಾಯಿತು. ಇದು ದೊಡ್ಡ ಸಂಗತಿಯೇನಲ್ಲ. ಪಕ್ಕದ ಪೆಟ್ಟಿಗೆಯಿಂದ ಮೊಟ್ಟೆ ಇರುವ ಒಂದು ಎರಿ ಕೊಟ್ಟರೆ ಸಾಕು, ಹುಳುಗಳು ತಾವೇ ಹೊಸ ರಾಣಿ ಬೆಳೆಸಿಕೊಳ್ಳುತ್ತವೆ. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 16 ದಿನ. ಎರಿ ತೆಗೆದುಕೊಂಡು ಹೋದೆ. ಚೌಕಟ್ಟು ಅರ್ಧ ಬೆರಳಷ್ಟು ಹೆಚ್ಚು ಉದ್ದ. ಪೆಟ್ಟಿಗೆಯೊಳಗೆ ಇಳಿಯಲೇ ಇಲ್ಲ. ಎರಿ ಕತ್ತರಿಸಿ ಕಟ್ಟಿ ಕೊಡಬಹುದಿತ್ತು, ಆಗ ನನಗೆ ಗೊತ್ತಿರಲಿಲ್ಲ. ಬಡಿಗೇರರ ಹತ್ತಿರ ಹೊಸ ಚೌಕಟ್ಟು ಮಾಡಿಸುವ ಹೊತ್ತಿಗೆ ಕೆಲಸಗಾರ ಹುಳುಗಳೇ ಮೊಟ್ಟೆ ಇಡಲು ಶುರು ಮಾಡಿದ್ದವು. ಎರಿಯ ಒಂದೊಂದು ಕಣದಲ್ಲಿ, ಅಂದರೆ ಪುಟ್ಟ ಕುಳಿಯಲ್ಲಿ, ಎರಡು ಮೂರು ಮೊಟ್ಟೆ, ಅದೂ ಕಣದ ಗೋಡೆಗೆ ಅಂಟಿಕೊಂಡು. ಅವುಗಳಿಂದ ಗಂಡು ಹುಳು ಮಾತ್ರ ಹುಟ್ಟುತ್ತವೆ. ಆ ಕುಟುಂಬ ಉಳಿಯಲಿಲ್ಲ.

ಅದಕ್ಕೇ ಹೇಳುವುದು, ಒಂದು ಪೆಟ್ಟಿಗೆಯ ಚೌಕಟ್ಟು ಇನ್ನೊಂದಕ್ಕೆ ಕೂರಬೇಕು. ಅಂಗಡಿಯಲ್ಲೇ ಅದಲುಬದಲು ಮಾಡಿ ನೋಡಿ. ತೋಟಗಾರಿಕೆ ಇಲಾಖೆಯ ಸಹಾಯಧನದಲ್ಲಿ ತಗೊಳ್ಳುವುದಾದರೆ, ಬರುವ ಪೆಟ್ಟಿಗೆ ಯಾವ ಮಾದರಿ ಅಂತ ತಾಲ್ಲೂಕು ಕಚೇರಿಯಲ್ಲಿ ಮೊದಲೇ ಕೇಳಿ, ಮುಂದೆ ಕೊಳ್ಳುವುದೆಲ್ಲ ಅದೇ ಅಳತೆಯದಿರಲಿ.

ಮರ, ಬಣ್ಣ, ಕಾಲು

ಚೆನ್ನಾಗಿ ಒಣಗಿದ ಸಾಗವಾನಿ ಒಳ್ಳೆಯದು. ಪ್ಲೈವುಡ್ ಮಳೆಗೆ ಉಬ್ಬುತ್ತದೆ. ಹೊರಗೆ ಬಿಳಿ ಬಣ್ಣ ಹಚ್ಚಿ, ಬಿಸಿಲಿಗೆ ತಡೆಯುತ್ತದೆ. ಒಳಗೆ ಏನೂ ಹಚ್ಚಬೇಡಿ. ಕಬ್ಬಿಣದ ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲಿನಲ್ಲಿರಲಿ, ಇರುವೆ ಹತ್ತುವುದಿಲ್ಲ.

ಹಳೆಯ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕರೆ ಮೂಲೆಗಳಲ್ಲಿ ಜೇಡರ ಬಲೆಯಂಥ ನೂಲು ಇದೆಯಾ ನೋಡಿ. ಅದು ಮೇಣದ ಪತಂಗದ ಹುಳುವಿನ ಕೆಲಸ. ಒಣ ಜೋಳದ ಕಣಿಕೆ ಹೊತ್ತಿಸಿ ಒಳಗೋಡೆಗೆಲ್ಲ ಉರಿ ತಾಗಿಸಿದ ಮೇಲೆ ಬಳಸಿ.

ಇಡುವ ಜಾಗ

ಬೇವು, ಹುಣಸೆಯ ನೆರಳು ಇರಲಿ. ಬಾಗಿಲು ಪೂರ್ವಕ್ಕೆ. ದನ ಕಟ್ಟುವ ಜಾಗದಿಂದ ದೂರ. ಹತ್ತಿರ ಒಂದು ಪಾತ್ರೆಯಲ್ಲಿ ನೀರು, ಹುಳು ಕೂರಲು ಅದರಲ್ಲಿ ನಾಲ್ಕು ಕಲ್ಲು. ಏಪ್ರಿಲ್, ಮೇ ಬಿಸಿಲಲ್ಲಿ ನೀರಿಲ್ಲದಿದ್ದರೆ ತುಡುವೆ ನಿಲ್ಲುವುದಿಲ್ಲ.

ದಾಳಿಂಬೆಯವರಿಗೆ ಒಂದು ಮಾತು. ಹಸ್ತ ಬಹಾರ (ಮಳೆಗಾಲದ ಕೊನೆಗೆ ಹೂ ಬಿಡಿಸುವ ಬೆಳೆ) ಹಿಡಿದವರ ತೋಟದಲ್ಲಿ ಹೂವೂ ಇರುತ್ತದೆ, ಸ್ಪ್ರೇ ಕೂಡ ಇರುತ್ತದೆ. ಔಷಧಿ ಹೊಡೆಯುವುದನ್ನು ಸಂಜೆ ಹುಳು ಗೂಡಿಗೆ ಮರಳಿದ ಮೇಲೆ ಇಟ್ಟುಕೊಳ್ಳಿ. ಪಕ್ಕದ ತೋಟದವರಿಗೂ ಹೇಳಿಡಿ.

ಹುಳು ಸಮೇತ ಕೊಳ್ಳುವಾಗ

ಕನಿಷ್ಠ ನಾಲ್ಕು ಚೌಕಟ್ಟು ಹುಳು ಮುತ್ತಿಕೊಂಡಿರಬೇಕು. ಸೂರ್ಯನಿಗೆ ಬೆನ್ನು ಮಾಡಿ ನಿಂತು ಒಂದು ಎರಿ ಎತ್ತಿ, ಬೆಳಕು ನಿಮ್ಮ ಹೆಗಲ ಮೇಲಿಂದ ಕಣದೊಳಗೆ ಬೀಳಲಿ. ತಳದಲ್ಲಿ ಒಂದೊಂದೇ ಬಿಳಿ ಎಳೆ ನಿಂತಿದ್ದರೆ ಅದು ಮೊಟ್ಟೆ. ರಾಣಿ ಕಣ್ಣಿಗೆ ಬೀಳದಿದ್ದರೂ ಚಿಂತೆ ಇಲ್ಲ, ಮೂರು ದಿನದ ಒಳಗೆ ಅಲ್ಲಿ ಇದ್ದಳು ಅಂತ ಅರ್ಥ. ಸತ್ತ ಮರಿಹುಳು ನೀರು ತುಂಬಿದ ಚೀಲದ ಹಾಗೆ ಕಂಡರೆ ಕೊಳ್ಳಬೇಡಿ. 1991–92ರಲ್ಲಿ ಕರ್ನಾಟಕದ ತುಡುವೆಯನ್ನು ಬಹುಪಾಲು ಮುಗಿಸಿದ ಥಾಯ್ ಸ್ಯಾಕ್‌ಬ್ರೂಡ್ ರೋಗದ ಗುರುತು ಅದು.

ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ ತನ್ನಿ. ಜಾಗದಲ್ಲಿ ಕೂರಿಸಿ ಜಾಲರಿ ಬಿಚ್ಚಿ. ಬೆಳಿಗ್ಗೆ ಹುಳುಗಳು ಹೊರಬಂದು, ಪೆಟ್ಟಿಗೆಯ ಕಡೆ ಮುಖ ಮಾಡಿ ಹಿಂದೆ ಮುಂದೆ ಹಾರಾಡುತ್ತವೆ. ಮನೆಯ ಗುರುತು ಹಿಡಿಯುತ್ತಿರುತ್ತವೆ. ಅದನ್ನು ಪಕ್ಕಕ್ಕೆ ಕೂತು ನೋಡಿ, ಆದರೆ ಒಂದು ವಾರ ಮುಚ್ಚಳ ಮುಟ್ಟಬೇಡಿ.