ನೀರನ್ನು ಅಳಿಸದೆ ಡಾಕಿಂಗ್ ಮಾಡಿದೆ: ನನ್ನ ಅನುಭವ

ಡಾಕಿಂಗ್‌ಗೆ (ಔಷಧದ ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಅಂದಾಜಿಸುವುದು) ಮೊದಲು ಪ್ರೋಟೀನಿನ ರಚನೆಯಲ್ಲಿರುವ ನೀರಿನ ಅಣುಗಳನ್ನೆಲ್ಲ ಅಳಿಸುವುದು ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಮಡಿಯಂತೆ ನಡೆದುಬಂದಿದೆ. ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ನೆರವಾಗುವ ಇಜಿಎಫ್‌ಆರ್ ಕೈನೇಸ್ ಎಂಬ ಕಿಣ್ವಕ್ಕೆ ಎರ್ಲೊಟಿನಿಬ್ ಎಂಬ ಔಷಧ ಅಂಟಿರುವ 1ಎಂ17 ರಚನೆಯಲ್ಲಿ ಒಂದು ನೀರಿನ ಅಣುವನ್ನು ಉಳಿಸಿಕೊಳ್ಳುತ್ತೇನೆ ಎಂದಾಗ ದಾವಣಗೆರೆಯ ಗೆಳೆಯರು ನಕ್ಕರು. ‘2.6 ಆಂಗ್‌ಸ್ಟ್ರಾಂನಷ್ಟು ಮಸುಕಾದ ರಚನೆಯ ನೀರನ್ನು ನಂಬುತ್ತೀರಾ ಸಾರ್?’ ನಂಬಿದೆ. ಎರ್ಲೊಟಿನಿಬ್‌ನ ಉಂಗುರದ ಎನ್1 ಎಂಬ ಸಾರಜನಕ ಪ್ರೋಟೀನಿನ ಮೆಥಿಯೋನಿನ್ 769 ಎಂಬ ಅಮೈನೋ ಆಮ್ಲವನ್ನು ನೇರವಾಗಿ ಹಿಡಿಯುತ್ತದೆ; ಎನ್3 ಥ್ರಿಯೋನಿನ್ 766ನ್ನು ಮುಟ್ಟುವುದು ಈ ನೀರಿನ ಮೂಲಕವೇ. (ಇವು ಹಳೆಯ ಎಣಿಕೆ; ಈಗಿನದಕ್ಕೆ 24 ಕೂಡಿಸಿಕೊಳ್ಳಿ: 793, 790.)

ನೀರಿಲ್ಲದೆ ಮಾಡಿದಾಗ ಮೇಲಕ್ಕೆ ಬಂದವೆಲ್ಲ ದಪ್ಪ, ಜಿಡ್ಡಿನ ಅಣುಗಳು. ಡಾಕಿಂಗ್ ಅಂಕ (ಹೆಚ್ಚು ಋಣವಾದಷ್ಟೂ ಒಳ್ಳೆಯದು) ಮೈನಸ್ 10 ದಾಟಿತ್ತು; ಆದರೆ ಪರೀಕ್ಷೆಯ ದ್ರಾವಣವಾದ ಬಫರಿಗೆ ಹಾಕಿದೊಡನೆ ಕರಗದೆ ತಳಕ್ಕೆ ಕುಳಿತವು. ಹೊರಗೆ ಮಾಡಿಸಿದ ಕೈನೇಸ್ ಪರೀಕ್ಷೆಗೇ ಎಪ್ಪತ್ತು-ಎಂಬತ್ತು ಸಾವಿರ ಹೋಯಿತು. ಅನುದಾನ ಅಷ್ಟರಲ್ಲೇ ಮುಗಿದು, ಮುಂದಿನದನ್ನು ಸಂಬಳದಿಂದ ಕಟ್ಟಿದೆ. ಮನೆಯಲ್ಲಿ ಆ ಲೆಕ್ಕ ಇನ್ನೂ ಪೂರ್ತಿ ಗೊತ್ತಿಲ್ಲ.

‘ವಿನಾ’ ಎಂಬ ಡಾಕಿಂಗ್ ತಂತ್ರಾಂಶ ಹೈಡ್ರೋಜನ್‌ಗಳ ದಿಕ್ಕನ್ನು ಲೆಕ್ಕಿಸದು. ಹಾಗಾಗಿ ಅದನ್ನು ಲೆಕ್ಕಿಸುವ ಹಳೆಯ ತಂತ್ರಾಂಶ ಆಟೊಡಾಕ್ 4ಕ್ಕೆ ಮರಳಿ, ನೀರನ್ನು ಪ್ರೋಟೀನಿನ ಭಾಗವೆಂದೇ ಇಟ್ಟೆ. ಅದರ ಹೈಡ್ರೋಜನ್‌ಗಳನ್ನು ಎತ್ತ ತಿರುಗಿಸಿದೆ ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ. ಪಟ್ಟಿ ತಲೆಕೆಳಗಾಯಿತು: ಕೆಳಗೆ ಬಿದ್ದಿದ್ದ ಚಿಕ್ಕ ಅನಿಲಿನೊಕ್ವಿನಜೋಲಿನ್‌ಗಳು (ಎರ್ಲೊಟಿನಿಬ್‌ನ ಕುಲದ ಅಣುಗಳು) ಮೇಲೆದ್ದವು. ನೀರಿನಲ್ಲಿ ಕರಗಲು ನೆರವಾಗುವ ಗುಂಪನ್ನು ಉಂಗುರದ 6, 7ನೇ ಸ್ಥಾನಗಳಲ್ಲಿ, ಸುತ್ತಲಿನ ದ್ರಾವಣದ ಕಡೆಗೆ ಚಾಚಿಸಿದೆ.

ಈ ಅಣುಗಳ ಸಂಶ್ಲೇಷಣೆ ಕ್ಷೇತ್ರದವರಿಗೆ ಗೊತ್ತಿರುವುದೇ. ಮಳೆಗಾಲದಲ್ಲಿ ಮಾತ್ರ, ಉಂಗುರಕ್ಕೆ ಕ್ಲೋರಿನ್ ಸೇರಿಸುವ ಕ್ಲೋರೊ ಹಂತವನ್ನು ಮುಟ್ಟಬೇಡಿ. ತೇವ ತಗುಲಿದರೆ ಅದು ಹಿಂದಿನ ಹಂತದ ಕ್ವಿನಜೋಲಿನೋನ್‌ಗೆ ಹಿಂತಿರುಗುತ್ತದೆ. ನಮ್ಮೂರಿನ ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿಗೆ ಇಲ್ಲಿ ಬೆಲೆ ಇದೆ.

ನಡುವೆ ಇನ್ನೊಂದು ಹುಚ್ಚು: ಎನ್3ರ ಜಾಗದಲ್ಲಿ ಸಯಾನೊ ಗುಂಪು ಹೊತ್ತ ಇಂಗಾಲವನ್ನಿಟ್ಟು ನೀರನ್ನೇ ಹೊರದೂಡುವುದು. ನೆರಾಟಿನಿಬ್, ಬೊಸುಟಿನಿಬ್ ಎಂಬ ಕ್ಯಾನ್ಸರ್ ಔಷಧಗಳು ಬಂದದ್ದು ಆ 3-ಸಯಾನೊಕ್ವಿನೊಲಿನ್ ಕುಲದಿಂದಲೇ. ನನ್ನದು ಶುದ್ಧೀಕರಣದಲ್ಲೇ ಕೈಕೊಟ್ಟಿತು. ಒಂದು ಬೇಸಿಗೆ ರಜೆ ಅದಕ್ಕೇ ಹೋಯಿತು, ಬೇಸರವಿಲ್ಲ.

ಕೊನೆಗೆ ಒಂದು ಸಂಯುಕ್ತ ಕಿಣ್ವದ ಮೇಲೆ ಸುಮಾರು 40 ನ್ಯಾನೊಮೋಲಾರ್ ಕೊಟ್ಟಿತು (ಕಿಣ್ವವನ್ನು ಅರ್ಧಕ್ಕೆ ತಡೆಯಲು ಬೇಕಾದ ಪ್ರಮಾಣ; ಕಡಿಮೆಯಾದಷ್ಟೂ ಒಳ್ಳೆಯದು). ಎರ್ಲೊಟಿನಿಬ್ ಅದಕ್ಕಿಂತ ಬಹಳ ಮುಂದಿದೆ, ನಿಜ. ಆದರೆ ಹಳೇ ಕಂಪ್ಯೂಟರ್ ಮತ್ತು ಸಂಬಳದ ದುಡ್ಡಿನಲ್ಲಿ ಅಷ್ಟು ಹತ್ತಿರ ಹೋದವರನ್ನು ಈ ಸುತ್ತಿನಲ್ಲಿ ನಾನಂತೂ ನೋಡಿಲ್ಲ. ‘ಎ549 ಕೋಶಗಳು ಸಾಯಲೇ ಇಲ್ಲವಲ್ಲ’ ಎಂದು ಒಬ್ಬರು ಚುಚ್ಚಿದರು. ಆ ಶ್ವಾಸಕೋಶ ಕ್ಯಾನ್ಸರ್ ಕೋಶಗಳಲ್ಲಿರುವುದು ಕೆರಾಸ್ ಎಂಬ ಇನ್ನೊಂದು ಜೀನಿನ ರೂಪಾಂತರ. ಇಜಿಎಫ್‌ಆರ್ ತಡೆದರೆ ಅವು ಯಾಕೆ ಸಾಯಬೇಕು? ಇಜಿಎಫ್‌ಆರ್ ಜೀನಿನ 19ನೇ ಎಕ್ಸಾನ್‌ನಲ್ಲಿ ಒಂದು ತುಂಡು ಅಳಿದು, ಇಜಿಎಫ್‌ಆರ್ ಅನ್ನೇ ನೆಚ್ಚಿ ಬದುಕುವ ಎಚ್‌ಸಿಸಿ827 ಕೋಶಗಳನ್ನು ತರಿಸಿ, ಅವು ಸಾಯುವುದನ್ನು ತೋರಿಸಿದ ಮೇಲೆ ಸುಮ್ಮನಾದರು.

790ನೇ ಥ್ರಿಯೋನಿನ್ ಮೆಥಿಯೋನಿನ್ ಆಗಿ ಬದಲಾದ ಟಿ790ಎಂ ರೂಪಾಂತರದ ಮುಂದೆ ನನ್ನ ಸಂಯುಕ್ತದ ಆಟ ನಡೆಯದು. ನೀರನ್ನು ಹಿಡಿಯುವ ಥ್ರಿಯೋನಿನ್ನೇ ಅಲ್ಲಿಲ್ಲ. ಟಿ790ಎಂ ಅನ್ನೂ ತಡೆಯುವ ಒಸಿಮರ್ಟಿನಿಬ್ ಎಂಬ ಔಷಧ ಅಂಟಿಕೊಳ್ಳುವ ಸಿಸ್ಟೀನ್ 797ಕ್ಕೆ (ಈಗಿನ ಎಣಿಕೆ) ಗುರಿಯಿಟ್ಟು, ಅದಕ್ಕೆ ಬಿಗಿಯಾಗಿ ಅಂಟುವ ಅಕ್ರಿಲಮೈಡ್ ಗುಂಪನ್ನು ಜೋಡಿಸಲು ಈಗ ದುಡ್ಡು ಹೊಂದಿಸುತ್ತಿದ್ದೇನೆ.