ಅಮೆರಿಕದ ಲಾಕ್ ಫೋನು, ಶಿವಮೊಗ್ಗದ ಸಿಮ್ಮು

ತಂಗಿ ಡಲ್ಲಾಸ್‌ನಿಂದ ದಸರಾಕ್ಕೆ ಬಂದಾಗ ಅಪ್ಪನಿಗೆ ಅಂತ ಒಂದು ಆಂಡ್ರಾಯ್ಡ್ ಫೋನ್ ತಂದಿದ್ದಳು. ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ 60 ಡಾಲರ್‌ಗೆ ಸಿಕ್ಕಿತ್ತಂತೆ. ಇಲ್ಲಿ ಆ ಥರದ ಫೋನಿಗೆ ಎರಡು ಪಟ್ಟಾದರೂ ಕೊಡಬೇಕು. ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರು ಅಂತ ಅವಳೂ ಯೋಚಿಸಿರಲಿಲ್ಲ, ಮನೆಯಲ್ಲಿ ನಾವೂ ಕೇಳಲಿಲ್ಲ.

ಊಟ ಮುಗಿಸಿ ಅಪ್ಪನ ಜಿಯೋ ಸಿಮ್ ಹಾಕಿ ಆನ್ ಮಾಡಿದೆ. ಸ್ಕ್ರೀನ್ ಮೇಲೆ ನೆಟ್‌ವರ್ಕ್ ಅನ್‌ಲಾಕ್ ಕೋಡ್ ಹಾಕಿ ಅಂತ ಬಂತು. ಮೊದಲು ನಾನು ಸಿಮ್ ಪಿನ್ ಕೇಳುತ್ತಿದೆ ಅಂದುಕೊಂಡು ನಾಲ್ಕು ಸೊನ್ನೆ ಒತ್ತಿದೆ. ಇದು ತಪ್ಪು, ನೀವು ಮಾಡಬೇಡಿ. ಈ ಕೋಡ್ ಹಾಕೋಕೆ ಸಿಗುವುದು ಕೆಲವೇ ಅವಕಾಶ, ಅಷ್ಟೂ ಸಲ ತಪ್ಪಿದರೆ ಆಮೇಲೆ ಸರಿಯಾದ ಕೋಡ್ ಇದ್ದರೂ ಫೋನ್ ತೆಗೆದುಕೊಳ್ಳದೇ ಹೋಗಬಹುದು.

ಡಬ್ಬಿ ತಿರುಗಿಸಿ ನೋಡಿದರೆ ಇರುವೆ ಸೈಜಿನ ಅಕ್ಷರದಲ್ಲಿ ಬರೆದಿತ್ತು, ಈ ಫೋನ್ ನಮ್ಮ ಪ್ರೀಪೇಡ್ ಸೇವೆಗೆ ಮಾತ್ರ ಅಂತ. ಅಲ್ಲಿನ ನೆಟ್‌ವರ್ಕ್ ಕಂಪನಿ ಫೋನನ್ನು ನಷ್ಟದಲ್ಲಿ ಮಾರುತ್ತದೆ, ತಿಂಗಳ ತಿಂಗಳ ರೀಚಾರ್ಜ್‌ನಲ್ಲಿ ಆ ದುಡ್ಡು ವಾಪಸ್ ತೆಗೆಯುತ್ತದೆ. ನಾವು ಅಗ್ಗದ ಫೋನ್ ಮಾತ್ರ ತಗೊಂಡು ರೀಚಾರ್ಜ್ ಮಾಡದೆ ಓಡಿಹೋಗಬಾರದು ಅಂತಲೇ, ಬೇರೆ ಕಂಪನಿಯ ಸಿಮ್ ಹಿಡಿಯದ ಹಾಗೆ ಆ ಲಾಕು.

ಅಪ್ಪನಿಗೆ ಇದನ್ನು ಹೇಳಿದರೆ ಅವರಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. "ಹಂಗಾದ್ರೆ ನಮ್ಮ ಹಳೇ ರಿಲಯನ್ಸ್ ಫೋನ್ ಇದ್ದಂಗೆ ಅನ್ನು" ಅಂದರು. 2003ರಲ್ಲಿ 501 ರೂಪಾಯಿ ಕಟ್ಟಿ ತಂದಿದ್ದ ಸಿಡಿಎಂಎ ಫೋನ್ ಅದು. ನಂಬರ್ ಫೋನಿನೊಳಗೇ ಕೂತಿತ್ತು, ಬೇರೆ ಕಂಪನಿಯ ಸಿಮ್ ಹಾಕೋಣ ಅಂದರೆ ಸಿಮ್ ಹಾಕುವ ಜಾಗವೇ ಇರಲಿಲ್ಲ. 2017ರಲ್ಲಿ ಬಂದ ಜಿಯೋಫೋನ್ ಕೂಡ ಜಿಯೋ ಸಿಮ್‌ಗೇ ಕಟ್ಟಿದ್ದ ಫೋನು. ಅಂದರೆ ನಮಗೂ ಇದು ಹೊಸದೇನಲ್ಲ, ಮರೆತಿದ್ದೆವು ಅಷ್ಟೆ.

ಮಾರನೇ ದಿನ ನೆಹರೂ ರಸ್ತೆ ಕಡೆ ಹೋಗಿ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಹುಡುಗ ಕೇಬಲ್ ಸಿಕ್ಕಿಸಿ ಹತ್ತು ನಿಮಿಷ ನೋಡಿ, "ಸರ್, 1,500 ಆಗುತ್ತೆ, ಐಎಂಇಐ ಬದಲಾಯಿಸಿ ಓಪನ್ ಮಾಡಿಕೊಡ್ತೀನಿ" ಅಂದ. ಫೋನ್ ಎತ್ತಿಕೊಂಡು ಬಂದುಬಿಟ್ಟೆ. ಐಎಂಇಐ ಅಂದರೆ ಫೋನಿನ 15 ಅಂಕಿಯ ಗುರುತು, *#06# ಒತ್ತಿದರೆ ಕಾಣುತ್ತದಲ್ಲ, ಅದು. ಅದನ್ನು ತಿದ್ದುವುದು ಇಲ್ಲಿ ಅಪರಾಧ. 2023ರ ಟೆಲಿಕಾಂ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ ಇದೆ. 60 ಡಾಲರ್ ಫೋನಿಗೆ ಇಷ್ಟೆಲ್ಲಾ ಯಾಕೆ ಬೇಕು?

ಸರಿಯಾದ ದಾರಿ ಕಂಪನಿಯನ್ನೇ ಕೇಳುವುದು. ಅಮೆರಿಕದಲ್ಲಿ ಈ ವಿಷಯಕ್ಕೆ ದೊಡ್ಡ ಜಗಳವೇ ಆಗಿದೆ. 2013ರ ಜನವರಿಯಿಂದ ಕಂಪನಿಯ ಒಪ್ಪಿಗೆ ಇಲ್ಲದೆ ಹೊಸ ಫೋನಿನ ಲಾಕ್ ತೆಗೆಯುವುದು ಕಾನೂನುಬಾಹಿರ ಅಂತಾಯ್ತು, ಲಕ್ಷಕ್ಕಿಂತ ಜಾಸ್ತಿ ಜನ ಸಹಿ ಹಾಕಿ ಶ್ವೇತಭವನಕ್ಕೆ ಮನವಿ ಕಳಿಸಿದರು, ಕೊನೆಗೆ 2014ರ ಆಗಸ್ಟ್‌ನಲ್ಲಿ ಒಬಾಮ ಸಹಿ ಹಾಕಿದ ಕಾನೂನು ಬಂದು ಅದನ್ನು ಮತ್ತೆ ಸಕ್ರಮ ಮಾಡಿತು. ಆದರೆ ಲಾಕ್ ಹಾಕಲೇಬಾರದು ಅಂತ ಆ ಕಾನೂನು ಹೇಳಲಿಲ್ಲ. ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ.

ನಮ್ಮ ಫೋನಿನ ಕಂಪನಿಗೆ ತಂಗಿ ಚಾಟ್‌ನಲ್ಲಿ ಕೇಳಿದಳು. ಉತ್ತರ ಬಂತು: 6 ತಿಂಗಳು ನಮ್ಮ ನೆಟ್‌ವರ್ಕ್‌ನಲ್ಲಿ ದುಡ್ಡು ಕಟ್ಟಿ ಬಳಸಿರಬೇಕು, ಆಮೇಲೆ ಕೋಡ್. ಶಿವಮೊಗ್ಗದಲ್ಲಿ ಕೂತು ಅವರ ನೆಟ್‌ವರ್ಕ್ ಎಲ್ಲಿಂದ ತರೋಣ! ಹಾಗಾಗಿ ಫೋನ್ ಅವಳ ಸೂಟ್‌ಕೇಸಿನಲ್ಲೇ ವಾಪಸ್ ಡಲ್ಲಾಸ್‌ಗೆ ಹೋಯಿತು. ಅವಳು ಅದಕ್ಕೆ ಎಲ್ಲಕ್ಕಿಂತ ಸಣ್ಣ ಪ್ಲಾನ್ ಹಾಕಿಸಿ, ತಿಂಗಳಿಗೆ 15 ಡಾಲರ್ ಕಟ್ಟುತ್ತಾ, ಅಡುಗೆಮನೆಯಲ್ಲಿ ಹಾಡು ಕೇಳಲು ಇಟ್ಟುಕೊಂಡಳು. 60ಕ್ಕೆ 90 ಸೇರಿ 150 ಡಾಲರ್. ರೂಪಾಯಿಯಲ್ಲಿ 12,000 ದಾಟಿತು. ಅಷ್ಟಕ್ಕೆ ಇಲ್ಲೇ ಬಿಲ್ಲು, ವಾರಂಟಿ ಸಮೇತ ಒಳ್ಳೆಯ ಫೋನ್ ಬರುತ್ತಿತ್ತು ಅಂತ ಅಮ್ಮ ಈಗಲೂ ಆಡಿಕೊಳ್ಳುತ್ತಾರೆ.

ಮೇ ತಿಂಗಳಲ್ಲಿ ಅವಳ ನಾದಿನಿ ಒಂದು ಮದುವೆಗೆ ಅಂತ ಊರಿಗೆ ಬಂದಾಗ, ಆಕೆಯ ಕೈಲಿ ಫೋನ್ ಮತ್ತೆ ನಮ್ಮ ಮನೆಗೆ ಬಂತು. ಐಎಂಇಐ ಕೊಟ್ಟು ಅರ್ಜಿ ಹಾಕಿದ ಮೇಲೆ ತಂಗಿಯ ಇಮೇಲ್‌ಗೆ ಕೋಡ್ ಬಂದಿತ್ತು. ಕೋಡ್ ಕೇಳುವ ಚೌಕ ಬರುವುದು ಬೇರೆ ಕಂಪನಿಯ ಸಿಮ್ ಹಾಕಿದಾಗ ಮಾತ್ರ, ಅದಕ್ಕೇ ಅವಳು ಅಲ್ಲಿ ಹಾಕಿರಲಿಲ್ಲ. ವಾಟ್ಸಾಪ್‌ನಲ್ಲಿ ಅವಳು ಕಳಿಸಿದ್ದನ್ನು ಅಪ್ಪ ಒಂದೊಂದೇ ಅಂಕಿ ಜೋರಾಗಿ ಓದಿದರು, ನಾನು ಒತ್ತಿದೆ, ಓಕೆ ಕೊಡುವ ಮುಂಚೆ ಎರಡು ಸಲ ತಾಳೆ ನೋಡಿದೆವು. ಲಾಕ್ ಬಿಟ್ಟುಕೊಂಡಿತು. ಜಿಯೋ ಹೆಸರು ಮೇಲೆ ಬಂತು. ಅಮ್ಮ ಪಾಯಸ ಮಾಡದಿದ್ದದ್ದೇ ಹೆಚ್ಚು.

ಸಂತೋಷ ಅರ್ಧ ಗಂಟೆ ಇತ್ತು. ನೆಟ್ ಬರುತ್ತಿದೆ, ನಿಧಾನ, ಆದರೆ ಕರೆ ಹೋಗುತ್ತಲೇ ಇಲ್ಲ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲ, ಮಾತು ಹೋಗುವುದು 4ಜಿ ಮೇಲೆಯೇ, ವೋಲ್ಟೆ ಮೂಲಕ. ಈ ಫೋನಿನ ಸಾಫ್ಟ್‌ವೇರ್ ಅಮೆರಿಕದ ಆ ಕಂಪನಿಗಾಗಿ ಮಾಡಿದ್ದು, ನಮ್ಮ ಸಿಮ್ ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ ವೋಲ್ಟೆ ಬಟನ್ನೇ ಕಾಣಿಸಲ್ಲ. ಸರಿ ಅಂತ ನನ್ನ ಏರ್‌ಟೆಲ್ ಸಿಮ್ ಹಾಕಿದೆ. ಈಗ ಕರೆ ಚೆನ್ನಾಗಿ ಹೋಗುತ್ತದೆ, ಏರ್‌ಟೆಲ್ ಇನ್ನೂ 2ಜಿ ಇಟ್ಟಿದೆಯಲ್ಲ, ಆದರೆ 4ಜಿ ಬರಲ್ಲ! ಒಂದು ಸಿಮ್‌ನಲ್ಲಿ ನೆಟ್ ಉಂಟು ಮಾತಿಲ್ಲ, ಇನ್ನೊಂದರಲ್ಲಿ ಮಾತುಂಟು ನೆಟ್ಟಿಲ್ಲ. ಎರಡೂ ಹಾಕೋಣ ಅಂದರೆ ಇದು ಒಂದೇ ಸಿಮ್‌ನ ಫೋನು.

ಆಗ ಕೂತು ಬ್ಯಾಂಡ್, ಅಂದರೆ ಫೋನ್ ಯಾವ ಯಾವ ತರಂಗಾಂತರ ಹಿಡಿಯುತ್ತದೆ ಅಂತ, ನೋಡಿದೆ. ಈ ಕೆಲಸ ದುಡ್ಡು ಕೊಡುವ ಮುಂಚೆ ಮಾಡಬೇಕಿತ್ತು. ನಮ್ಮಲ್ಲಿ 4ಜಿ ಹೆಚ್ಚಾಗಿ ಓಡುವುದು 1800 ಮತ್ತು 2300 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬ್ಯಾಂಡ್ 3 ಮತ್ತು 40. ಬೆಂಗಳೂರಿಗೆ 2012ರಲ್ಲಿ ಮೊದಲ 4ಜಿ ಬಂದದ್ದೇ 2300ರಲ್ಲಿ. ನಮ್ಮ ಫೋನಿನಲ್ಲಿ ಇದ್ದದ್ದು 2, 4, 5, 12, 66 ಇಂಥವು. ಇದರಲ್ಲಿ ಇಲ್ಲಿ ಕೆಲಸಕ್ಕೆ ಬಂದದ್ದು 5 ಒಂದೇ, 850 ಮೆಗಾಹರ್ಟ್ಸ್‌ದು. ಜಿಯೋ ಅದನ್ನು ಬಳಸುತ್ತದೆ, ಅದಕ್ಕೇ ಅಷ್ಟಾದರೂ ನೆಟ್ ಬಂದದ್ದು. ಲಾಕ್ ತೆಗೆದ ಮಾತ್ರಕ್ಕೆ ಫೋನಿಗೆ ಇಲ್ಲದ ಬ್ಯಾಂಡ್ ಬರಲ್ಲ ಅನ್ನೋದು ನನಗೆ 150 ಡಾಲರ್ ಖರ್ಚಾದ ಮೇಲೆ ಗೊತ್ತಾಯ್ತು.

ದುಬಾರಿ ಫೋನುಗಳಲ್ಲಿ ಬ್ಯಾಂಡ್ ತೊಂದರೆ ಕಡಿಮೆ, ಅವು ಸಾಮಾನ್ಯವಾಗಿ ಎಲ್ಲಾ ಕಡೆಯವನ್ನೂ ಹಿಡಿಯುತ್ತವೆ. ಐಫೋನ್ ತರಿಸುವವರು ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಕ್ಯಾರಿಯರ್ ಲಾಕ್ ಅನ್ನುವ ಸಾಲಿನಲ್ಲಿ ಸಿಮ್ ನಿರ್ಬಂಧ ಇಲ್ಲ ಅಂತ ಇದೆಯಾ ನೋಡಲು ಹೇಳಿ. ಐಫೋನ್ 14ರಿಂದ ಅಮೆರಿಕದ ಮಾಡೆಲ್‌ಗಳಲ್ಲಿ ಸಿಮ್ ಟ್ರೇ ಇಲ್ಲ, ಇಲ್ಲಿ ಇ-ಸಿಮ್, ಅಂದರೆ ಫೋನಿನೊಳಗೇ ಕೂರುವ ಸಿಮ್, ಮಾಡಿಸಿಕೊಳ್ಳಲೇಬೇಕು. ಸ್ಯಾಮ್‌ಸಂಗ್ ಆದರೆ ಮಾಡೆಲ್ ನಂಬರ್ ಕೊನೆ ನೋಡಿ, ಯು ಅಂತಿದ್ದರೆ ಅಮೆರಿಕದ ನೆಟ್‌ವರ್ಕ್ ಕಂಪನಿಗೆ ಮಾಡಿದ್ದು, ಯು1 ಅಂತಿದ್ದರೆ ಓಪನ್ ಮಾರಾಟದ್ದು. ಫೋನಿನ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನಲ್ಲಿ ನಾಲ್ಕಾರು ಮಾಡೆಲ್ ಇರುತ್ತವೆ.

ಅಪ್ಪ ಈಗ ಆ ಫೋನನ್ನು ಸಿಮ್ ಇಲ್ಲದೆ ಮನೆಯ ವೈಫೈಗೆ ಹಾಕಿ ರಾತ್ರಿ ಯಕ್ಷಗಾನ ನೋಡುತ್ತಾರೆ. ಕರೆ ಬಂದರೆ ಪಕ್ಕದಲ್ಲಿ ಹಳೇ ಫೋನ್ ಇದೆ. ಈ ದಸರಾಕ್ಕೆ ತಂಗಿ ಮತ್ತೆ ಬರುತ್ತಿದ್ದಾಳೆ, "ಅಣ್ಣಾ, ಇನ್ನೊಂದು ಫೋನ್ ಆಫರ್‌ನಲ್ಲಿದೆ ಕಣೋ" ಅಂತ ನಿನ್ನೆ ಮೆಸೇಜ್ ಮಾಡಿದ್ದಳು. ಡಬ್ಬಿಯ ಹಿಂಭಾಗದ ಫೋಟೋ ಕಳಿಸು ಅಂದಿದ್ದೇನೆ.